ಕ್ಷಮೆ ಸಿಕ್ಕ ಮೇಲೂ ಹೋರಾಟ ಏಕೆ? ಪಾಪ, ಪ್ರಯತ್ನ ಮತ್ತು ದೇವರ ಸಹಾಯ

ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಹಡ್ಸನ್ ಸ್ಮಾರಕ ದೇವಾಲಯದಲ್ಲಾಗಲಿ, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದಲ್ಲಾಗಲಿ, ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಬಲಿಪೂಜೆಯಲ್ಲಾಗಲಿ, ಪ್ರಭುವಿನ ಭೋಜನಕ್ಕೆ ಮೊದಲು ಸಭೆಯೆಲ್ಲ ಸೇರಿ ತನ್ನ ಪಾಪಗಳನ್ನು ಅರಿಕೆ ಮಾಡುವ ಘಳಿಗೆಯೊಂದು ಇರುತ್ತದೆ. ಕಥೋಲಿಕರ ಅರಿಕೆಯಲ್ಲಿ ಆಲೋಚನೆ, ಮಾತು, ಕೃತ್ಯಗಳ ಜೊತೆಗೆ, ಮಾಡಬೇಕಾಗಿದ್ದು ಮಾಡದೆ ಬಿಟ್ಟ ಕೆಲಸಗಳೂ ಸೇರುತ್ತವೆ. ಹೀಗೆ ಅರಿಕೆ ಮಾಡುವವರು ದೀಕ್ಷಾಸ್ನಾನ ಪಡೆದವರು, ಕ್ರಿಸ್ತನಲ್ಲಿ ತಮಗೆ ಕ್ಷಮೆ ದೊರೆತಿದೆಯೆಂದು ನಂಬಿದವರು. ಆದರೂ ಹೋದ ವಾರ ಹೇಳಿದ್ದನ್ನೇ ಈ ವಾರವೂ ಹೇಳುತ್ತಾರೆ, ಬರುವ ವಾರವೂ ಹೇಳುತ್ತಾರೆ. ಇದನ್ನು ಹೊರಗಿನಿಂದ ನೋಡಿದ ಸ್ನೇಹಿತರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಕ್ಷಮೆ ಸಿಕ್ಕಿದ್ದರೆ ಮತ್ತೆ ಮತ್ತೆ ಕೇಳುವುದೇಕೆ? ದೇವರು ಸಹಾಯ ಮಾಡುತ್ತಾನೆಂದರೆ ಮನುಷ್ಯ ಹೋರಾಡುವುದೇಕೆ? ಮನುಷ್ಯನೇ ಹೋರಾಡಬೇಕೆಂದರೆ ದೇವರ ಸಹಾಯವೆಂಬುದಕ್ಕೆ ಅರ್ಥವೇನು?

ಈ ಪ್ರಶ್ನೆಗಳು ಸಭೆಯ ಒಳಗೂ ಇವೆ, ಆದರೆ ಅಲ್ಲಿ ಅವುಗಳನ್ನು ಗಟ್ಟಿಯಾಗಿ ಕೇಳುವವರು ಕಡಿಮೆ. ಪ್ರಾರ್ಥಿಸಿಯೂ ಬಿಡಲಾಗದ ಚಟ, ಉಪವಾಸ ಮಾಡಿಯೂ ಇಳಿಯದ ಸಿಟ್ಟು, ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿದ ಹಗೆ ಇರುವ ವಿಶ್ವಾಸಿಯೊಬ್ಬನು ತನ್ನ ನಂಬಿಕೆಯೇ ಸುಳ್ಳಿರಬಹುದೆಂದು ಒಳಗೊಳಗೇ ಹೆದರುತ್ತಾನೆ. ಆ ಹೆದರಿಕೆಗೆ ಕ್ರೈಸ್ತ ಪರಂಪರೆಯಲ್ಲಿ ಎರಡು ಸಾವಿರ ವರ್ಷಗಳಿಂದ ರೂಪುಗೊಂಡ ಉತ್ತರವಿದೆ. ಆ ಉತ್ತರವನ್ನು ಸರಿಯಾಗಿ ತಿಳಿಯದೆ ಇರುವುದರಿಂದ ಎಷ್ಟೋ ಜನ ಅನಾವಶ್ಯಕವಾಗಿ ನರಳುತ್ತಾರೆಂಬ ಕಾರಣಕ್ಕೆ ಅದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸುತ್ತೇನೆ.

ಮೊದಲು ಪಾಪವೆಂದರೆ ಏನು ಎಂಬುದು. ಸಾಮಾನ್ಯ ಮಾತಿನಲ್ಲಿ ಪಾಪವೆಂದರೆ ಮಾಡಿದ ಕೆಟ್ಟ ಕೆಲಸ. ಬೈಬಲ್ ಆ ಅರ್ಥವನ್ನು ಬಿಟ್ಟುಕೊಡುವುದಿಲ್ಲ, ಆದರೆ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು, ಮನುಷ್ಯನನ್ನು ಅಶುದ್ಧಗೊಳಿಸುವುದು ಹೊರಗಿನಿಂದ ಒಳಗೆ ಹೋಗುವಂಥದ್ದಲ್ಲವೆಂದೂ, ಕಳ್ಳತನ, ಕೊಲೆ, ದುರಾಸೆ, ಹೊಟ್ಟೆಕಿಚ್ಚು, ಅಹಂಕಾರಗಳೆಲ್ಲ ಅವನ ಹೃದಯದಿಂದಲೇ ಹೊರಡುತ್ತವೆಂದೂ ಹೇಳುತ್ತಾನೆ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಆದಾಮನ ಮಗ ಕಾಯಿನನು ತಮ್ಮನ ಮೇಲೆ ಕೈಯೆತ್ತುವ ಮೊದಲೇ ದೇವರು ಅವನಿಗೆ ಎಚ್ಚರಿಕೆ ಕೊಡುತ್ತಾನೆ: ಪಾಪವು ಬಾಗಿಲಲ್ಲಿ ಹೊಂಚುಹಾಕಿ ಮಲಗಿದೆ, ಅದು ನಿನ್ನನ್ನು ಹಿಡಿಯಬಯಸುತ್ತದೆ, ನೀನು ಅದನ್ನು ಆಳಬೇಕು. ಅಲ್ಲಿ ಪಾಪ ಇನ್ನೂ ಕೃತ್ಯವಾಗಿಲ್ಲ, ಆದರೂ ಒಂದು ಬಲವಾಗಿ ಬಾಗಿಲ ಬಳಿ ಇದೆ. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿಯೂ ಪಾಪವನ್ನು ಜನರನ್ನು ಆಳುವ ಒಡೆಯನಂತೆ ಚಿತ್ರಿಸುತ್ತಾನೆ, ಮರಣವೇ ಆ ಒಡೆಯನು ಕೊಡುವ ಸಂಬಳವೆನ್ನುತ್ತಾನೆ.

ಹೀಗಾಗಿ ಕ್ರೈಸ್ತನ ಹೋರಾಟ ಒಂದು ಪಟ್ಟಿಯಲ್ಲಿರುವ ನಿಷೇಧಗಳೊಡನೆ ಮುಗಿಯುವುದಿಲ್ಲ. ಖಾತೆ ಮಾಡಿಸಲು ಹೋದಾಗ ಕೇಳಿದಷ್ಟು ಕೊಟ್ಟು ಕೆಲಸ ಮುಗಿಸಿಕೊಳ್ಳುವುದು, ಮನೆಗೆಲಸದವರಿಗೆ ಒಪ್ಪಿಕೊಂಡ ಸಂಬಳದಲ್ಲಿ ಮುರಿದುಕೊಳ್ಳುವುದು, ಕಚೇರಿಯಲ್ಲಿ ಸಹೋದ್ಯೋಗಿಯ ಶ್ರಮವನ್ನು ತನ್ನದೆಂದು ತೋರಿಸುವುದು, ನಡುರಾತ್ರಿ ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವುದು, ಇವೆಲ್ಲ ಕಣ್ಣಿಗೆ ಕಾಣುವ ಪಾಪಗಳು. ಇವುಗಳ ಹಿಂದೆ ನನಗೆ ಮೊದಲು ಸಿಗಬೇಕು, ನಾನೇ ಮೇಲಿರಬೇಕು, ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬ ಒಲವು ಇದೆ. ಆ ಒಲವು ಒಬ್ಬೊಬ್ಬರ ಎದೆಯಲ್ಲಷ್ಟೇ ಇರುವುದಿಲ್ಲ, ಸಮಾಜದ ನಡವಳಿಕೆಯಲ್ಲಿಯೂ ಹೆಪ್ಪುಗಟ್ಟಿರುತ್ತದೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂದು ಹಾಡುವ ಕುಟುಂಬಗಳು ಮದುವೆಯ ಮಾತು ಬಂದ ಕೂಡಲೇ ಜಾತಿ ವಿಚಾರಿಸುವುದು ನಮ್ಮ ಸಭೆಗಳ ಹಳೆಯ ಪಾಪ. ಪ್ರತಿ ವಾರದ ಅರಿಕೆಯಲ್ಲಿ ಅದು ಎಷ್ಟು ಜನರ ಮನಸ್ಸಿಗೆ ಬರುತ್ತದೆಂಬುದನ್ನು ನಾವು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಇಷ್ಟು ತಿಳಿದ ಮೇಲೆ ಕ್ಷಮೆ ಮತ್ತು ಹೋರಾಟಗಳ ಸಂಬಂಧ ಸ್ವಲ್ಪ ಸ್ಪಷ್ಟವಾಗುತ್ತದೆ. ಕ್ರೈಸ್ತ ಬೋಧನೆಯ ಪ್ರಕಾರ ಕ್ರಿಸ್ತನ ಮರಣ ಮತ್ತು ಪುನರುತ್ಥಾನಗಳಿಂದ ವಿಶ್ವಾಸಿಯ ಮೇಲಿದ್ದ ಅಪರಾಧದ ತೀರ್ಪು ಎತ್ತಿಹಾಕಲ್ಪಟ್ಟಿದೆ, ಪಾಪದ ಒಡೆತನ ಮುರಿದಿದೆ, ಆದರೆ ಪಾಪದ ಇರುವಿಕೆ ಮಾತ್ರ ಈ ಲೋಕದ ಬದುಕು ಮುಗಿಯುವ ತನಕ ಪೂರ್ತಿಯಾಗಿ ಅಳಿಯುವುದಿಲ್ಲ. ಒಡೆತನ ಮುರಿದದ್ದರಿಂದಲೇ ಹೋರಾಟ ಸಾಧ್ಯವಾಗುತ್ತದೆ ಎಂಬುದನ್ನು ಗಮನಿಸಬೇಕು. ಪೂರ್ತಿಯಾಗಿ ಅಧೀನನಾದವನಿಗೆ ಒಳಗೆ ಯಾವ ಜಗ್ಗಾಟವೂ ಇರುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಪೌಲನು ಶರೀರಭಾವದ ಬಯಕೆಯೂ ಪವಿತ್ರಾತ್ಮನ ಬಯಕೆಯೂ ಒಂದಕ್ಕೊಂದು ಎದುರಾಗಿ ನಿಂತಿವೆ ಎನ್ನುವಾಗ, ಪವಿತ್ರಾತ್ಮನು ಒಳಗೆ ಬಂದು ನೆಲೆಸಿದವರ ಸ್ಥಿತಿಯನ್ನೇ ವಿವರಿಸುತ್ತಿದ್ದಾನೆ. ಒಳಗಿನ ಘರ್ಷಣೆಯನ್ನು ಕಂಡು ದೇವರು ತನ್ನನ್ನು ಬಿಟ್ಟುಹೋದನೆಂದು ತಿಳಿಯುವವನು ಚಿಹ್ನೆಯನ್ನು ತಿರುವುಮುರುವಾಗಿ ಓದುತ್ತಿದ್ದಾನೆ.

ಈ ಘರ್ಷಣೆಯ ಅತ್ಯಂತ ಪ್ರಸಿದ್ಧವಾದ ವರ್ಣನೆ ಇರುವುದು ಸುಮಾರು ಕ್ರಿ.ಶ. 57ರ ಹೊತ್ತಿಗೆ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ. ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡಲಾರೆ, ಮಾಡಬಾರದೆಂದಿರುವ ಕೆಟ್ಟದ್ದನ್ನೇ ಮಾಡುತ್ತೇನೆ ಎಂದು ಅಲ್ಲಿ ಒಂದು ದನಿ ಗೋಳಿಡುತ್ತದೆ, ಈ ಮರಣಕರವಾದ ದೇಹದಿಂದ ನನ್ನನ್ನು ಬಿಡಿಸುವವರು ಯಾರು ಎಂದು ಕೂಗುತ್ತದೆ, ಆ ಕೂಗಿನ ಬೆನ್ನಿಗೇ ಕ್ರಿಸ್ತನ ಮೂಲಕ ದೇವರಿಗೆ ಸ್ತೋತ್ರ ಹೇಳುತ್ತದೆ. ಮನಸ್ಸು ಹೇಳಿದಂತೆ ಕೇಳದು ಎಂಬ ಅಳಲು ಕನ್ನಡಿಗರಿಗೆ ಹೊಸದಲ್ಲ. ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಅದನ್ನು ಕೇಳುತ್ತ ಬೆಳೆದವರು ನಾವು. ಪೌಲನ ಅಧ್ಯಾಯದಲ್ಲಿ ಅದಕ್ಕೆ ಇನ್ನೊಂದು ತಿರುವು ಸೇರುತ್ತದೆ. ಒಳ್ಳೆಯದಾದ ಧರ್ಮಶಾಸ್ತ್ರವೇ (ಮೋಶೆಯ ಮೂಲಕ ಬಂದ ಆಜ್ಞೆಗಳೇ), ಮಾಡಬೇಡ ಎಂದು ಹೇಳಿದಾಗ, ಒಳಗಿದ್ದ ಪಾಪವನ್ನು ಕೆರಳಿಸಿತು ಎನ್ನುತ್ತಾನೆ ಅವನು. ನಿಯಮಕ್ಕೆ ದಾರಿ ತೋರಿಸುವ ಶಕ್ತಿಯಿದೆ, ನಡೆಯಲು ಕಾಲಿಗೆ ಬಲ ತುಂಬುವ ಶಕ್ತಿಯಿಲ್ಲ.

ಇಲ್ಲಿ ಗೋಳಿಡುವ ಆ 'ನಾನು' ಯಾರೆಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಅದು ಕ್ರಿಸ್ತನನ್ನು ಅರಿಯುವ ಮುಂಚಿನ ಮನುಷ್ಯ ಎಂದು ಆರಂಭದ ಸಭೆಯ ಬೋಧಕರಾದ ಹಲವು ಗ್ರೀಕ್ ಪಿತೃಗಳೂ, ಬಹಳ ಕಾಲದ ನಂತರ ಹದಿನೆಂಟನೆಯ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯೂ ಹೇಳಿದರು. ಮೊದಲು ಅದೇ ಅಭಿಪ್ರಾಯದಲ್ಲಿದ್ದ ಅಗಸ್ಟೀನನು ವಯಸ್ಸಾದ ಮೇಲೆ ನಿಲುವು ಬದಲಿಸಿ, ಅದು ವಿಶ್ವಾಸಿಯ ದನಿಯೇ ಎಂದನು. ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್ ಮತ್ತು ಕ್ಯಾಲ್ವಿನ್ ಅವನ ಹಾದಿ ಹಿಡಿದರು. ಈ ಚರ್ಚೆ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದೆಂದು ತಳ್ಳಿಹಾಕಲಾಗದು. ಮೊದಲನೆಯ ಓದನ್ನೇ ಹಿಡಿದು ಬೋಧಿಸುವ ಸಭೆಯಲ್ಲಿ ಎಡವಿದವನು ತನ್ನ ಎಡವಿಕೆಯನ್ನು ಬಚ್ಚಿಡಬಹುದು, ಎರಡನೆಯದನ್ನೇ ಹಿಡಿದು ಬೋಧಿಸುವ ಸಭೆಯಲ್ಲಿ ಎಡವಿದವನು ಎಡವುವುದೇ ಸಹಜವೆಂದು ಸುಮ್ಮನಾಗಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಏಳನೆಯ ಅಧ್ಯಾಯವನ್ನು ಯಾರ ದನಿಯಾಗಿ ಓದಿದರೂ ಎಂಟನೆಯ ಅಧ್ಯಾಯವನ್ನು ಬಿಟ್ಟು ಓದಬಾರದು. ಏಳರಲ್ಲಿ 'ನಾನು' ಎಂಬುದು ಸಾಲುಸಾಲಿಗೂ ಬರುತ್ತದೆ, ಎಂಟರಲ್ಲಿ ಆ ಜಾಗವನ್ನು ಪವಿತ್ರಾತ್ಮನು ತುಂಬುತ್ತಾನೆ. ಕ್ರಿಸ್ತನಲ್ಲಿರುವವರಿಗೆ ಈಗ ಯಾವ ದಂಡನೆಯ ತೀರ್ಪೂ ಇಲ್ಲವೆಂಬ ಘೋಷಣೆಯೊಂದಿಗೆ ಅದು ಆರಂಭವಾಗುತ್ತದೆ.

ಪ್ರಯತ್ನ ಮತ್ತು ಕೃಪೆಗಳ ಲೆಕ್ಕ ಮೊದಲ ಬಾರಿಗೆ ದೊಡ್ಡ ವಾದವಾಗಿ ಸಿಡಿದದ್ದು ಐದನೆಯ ಶತಮಾನದಲ್ಲಿ. ಅಗಸ್ಟೀನನು 354ರಲ್ಲಿ ಉತ್ತರ ಆಫ್ರಿಕದ ತಗಸ್ತೆಯಲ್ಲಿ ಹುಟ್ಟಿದವನು. ಬುದ್ಧಿವಂತ, ಮಾತುಗಾರ, ಹೆಣ್ಣಿನ ಮೋಹದಿಂದ ಬಿಡಿಸಿಕೊಳ್ಳಲಾರದೆ ವರ್ಷಗಟ್ಟಲೆ ತೊಳಲಿದವನು. ತನಗೆ ಸಂಯಮ ಕೊಡು, ಆದರೆ ಈಗಲೇ ಬೇಡ ಎಂದು ಯೌವನದಲ್ಲಿ ಪ್ರಾರ್ಥಿಸಿದ್ದಾಗಿ ಅವನೇ ಬರೆದುಕೊಂಡಿದ್ದಾನೆ. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರೊಡನೆ ಪಕ್ಕದ ತೋಟದ ಪೇರು ಹಣ್ಣು ಕದ್ದದ್ದನ್ನು ನೆನೆದು, ಹಸಿವೂ ಇರಲಿಲ್ಲ, ಹಣ್ಣೂ ಚೆನ್ನಾಗಿರಲಿಲ್ಲ, ಕದಿಯುವುದೇ ರುಚಿಯಾಗಿತ್ತು ಎಂದು ಪುಟಗಟ್ಟಲೆ ವಿಚಾರ ಮಾಡುತ್ತಾನೆ. ಅಜ್ಞಾನದಿಂದಷ್ಟೇ ಮನುಷ್ಯ ತಪ್ಪು ಮಾಡುತ್ತಾನೆಂಬ ವಾದ ಆ ಹಣ್ಣಿನ ಮುಂದೆ ಸೋಲುತ್ತದೆ. ತಪ್ಪೆಂದು ಗೊತ್ತಿತ್ತು, ಗೊತ್ತಿದ್ದೇ ಅದು ಬೇಕಾಯಿತು. 386ರಲ್ಲಿ ಮಿಲಾನಿನ ಒಂದು ತೋಟದಲ್ಲಿ ಪೌಲನ ಮಾತುಗಳನ್ನು ಓದಿ ಅವನ ಮನಸ್ಸು ತಿರುಗಿತು, ಮರುವರ್ಷ ಅವನಿಗೆ ದೀಕ್ಷಾಸ್ನಾನವಾಯಿತು. ಮುಂದೆ ಹಿಪ್ಪೋ ನಗರದ ಬಿಷಪ್ ಆಗಿ ತನ್ನ ಬಾಳಿನ ಕಥೆಯನ್ನು ದೇವರಿಗೆ ಅರಿಕೆಯ ರೂಪದಲ್ಲಿ ಬರೆದಾಗ, ನೀನು ಆಜ್ಞಾಪಿಸುವುದನ್ನು ನಡೆಸುವ ಬಲವನ್ನು ನೀನೇ ಕೊಡು, ಆಮೇಲೆ ನಿನಗೆ ಬೇಕಾದುದನ್ನು ಆಜ್ಞಾಪಿಸು ಎಂಬರ್ಥದ ಪ್ರಾರ್ಥನೆಯೊಂದನ್ನು ಅದರಲ್ಲಿ ಸೇರಿಸಿದನು.

ರೋಮಿನಲ್ಲಿ ಈ ಮಾತನ್ನು ಕೇಳಿದ ಪೆಲಾಜಿಯಸ್ ಕೆರಳಿದನು. ಬ್ರಿಟನ್ ಮೂಲದ ಈ ಸನ್ಯಾಸಿ ಶುದ್ಧ ನಡತೆಯವನು. ರೋಮಿನ ಶ್ರೀಮಂತ ಕ್ರೈಸ್ತರ ಸಡಿಲ ಬದುಕನ್ನು ಕಂಡು ನೊಂದವನು. ಬಲವನ್ನು ನೀನೇ ಕೊಡು ಎಂದು ದೇವರ ಮೇಲೆ ಹೊರಿಸಿಬಿಟ್ಟರೆ ಯಾರು ತಾನೇ ಬೆವರು ಸುರಿಸಿ ಪಾಪವನ್ನು ಬಿಡುತ್ತಾರೆ ಎಂಬುದು ಅವನ ಆತಂಕ. ದೇವರು ನಡೆಸಲಾಗದ್ದನ್ನು ಆಜ್ಞಾಪಿಸುವುದಿಲ್ಲ, ಆದ್ದರಿಂದ ಮನುಷ್ಯನಿಗೆ ಪಾಪವಿಲ್ಲದೆ ಬಾಳುವ ಶಕ್ತಿ ಹುಟ್ಟಿನಿಂದಲೇ ಇದೆ ಎಂದು ಅವನು ವಾದಿಸಿದನು. ಮೇಲುನೋಟಕ್ಕೆ ಇದು ಧೈರ್ಯ ತುಂಬುವ ಮಾತು. ಆದರೆ ಅದರ ಒಳಗೆ ನಿರ್ದಯತೆಯಿದೆ. ಶಕ್ತಿ ಇದ್ದೂ ಬಿದ್ದವನಿಗೆ ಅಲ್ಲಿ ಯಾವ ಆಸರೆಯೂ ಉಳಿಯುವುದಿಲ್ಲ, ಇನ್ನೂ ಬಿಗಿಯಾಗಿ ಪ್ರಯತ್ನಿಸು ಎಂಬ ಆದೇಶವೊಂದೇ ಉಳಿಯುತ್ತದೆ. 418ರಲ್ಲಿ ಕಾರ್ಥೇಜಿನ ಸಮ್ಮೇಳನ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. ಮನುಷ್ಯ ಮೊದಲ ಹೆಜ್ಜೆ ಇಡುತ್ತಾನೆ, ಆಮೇಲೆ ದೇವರು ಕೈಹಿಡಿಯುತ್ತಾನೆ ಎಂಬ ನಡುದಾರಿಯನ್ನು ಕೆಲವರು ಸೂಚಿಸಿದಾಗ, 529ರಲ್ಲಿ ಆರೆಂಜ್ ಎಂಬಲ್ಲಿ ನೆರೆದ ಸಮ್ಮೇಳನವು ಆ ಮೊದಲ ಹೆಜ್ಜೆಯ ಬಯಕೆಯೂ ಕೃಪೆಯಿಂದಲೇ ಹುಟ್ಟುತ್ತದೆಂದು ನಿರ್ಧರಿಸಿತು.

ಸಾವಿರದೈನೂರು ವರ್ಷಗಳಷ್ಟು ಹಳೆಯ ಈ ತೀರ್ಮಾನ ಇಂದಿನ ಬೆಂಗಳೂರಿನ ವಿಶ್ವಾಸಿಗೆ ಏಕೆ ಬೇಕು? ನಮ್ಮಲ್ಲಿ ಹೆಚ್ಚಿನವರು ಬಾಯಲ್ಲಿ ಅಗಸ್ಟೀನನಂತೆ ಪ್ರಾರ್ಥಿಸಿ ಒಳಗೆ ಪೆಲಾಜಿಯಸನಂತೆ ಬದುಕುವುದರಿಂದ. ಅಂಕಗಳಿಂದ, ಸಂದರ್ಶನಗಳಿಂದ, ವರ್ಷಕ್ಕೊಮ್ಮೆ ಆಗುವ ಕೆಲಸದ ಮೌಲ್ಯಮಾಪನದಿಂದ ಅಳೆಯಲ್ಪಡುವ ಊರಿನಲ್ಲಿ, ದೇವರೂ ಹಾಗೆಯೇ ಅಳೆಯುತ್ತಾನೆಂದು ಅಂದುಕೊಳ್ಳುವುದು ಬಹಳ ಸುಲಭ. ನನ್ನ ಕೈಲಾದಷ್ಟು ನಾನು ಮಾಡುತ್ತೇನೆ, ಉಳಿದದ್ದು ದೇವರಿಗೆ ಬಿಟ್ಟದ್ದು ಎಂಬ ಮಾತು ವಿನಯದ ಮಾತಿನಂತೆಯೇ ಕೇಳಿಸುತ್ತದೆ. ಆದರೆ ಅದು ಒಂದೇ ಕೆಲಸವನ್ನು ಎರಡು ಪಾಲು ಮಾಡಿ, ನನ್ನ ಪಾಲು ಮುಗಿಯುವ ತನಕ ದೇವರನ್ನು ಹೊರಗೆ ಕಾಯಿಸುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲನು ಹೇಳುವುದು ಬೇರೆಯೇ. ಭಯದಿಂದಲೂ ನಡುಕದಿಂದಲೂ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ, ಏಕೆಂದರೆ ಇಚ್ಛಿಸುವುದನ್ನೂ ನಡೆಸುವುದನ್ನೂ ನಿಮ್ಮೊಳಗೆ ಉಂಟುಮಾಡುವವನು ದೇವರೇ ಎನ್ನುತ್ತಾನೆ ಅವನು. ಆ 'ಏಕೆಂದರೆ' ಎಂಬುದರ ಮೇಲೆ ಇಡೀ ವಿಷಯ ನಿಂತಿದೆ. ದೇವರು ಮಾಡುತ್ತಿರುವುದು ಮನುಷ್ಯ ಸುಮ್ಮನಿರಲು ಕಾರಣವಾಗಿಲ್ಲ, ಅವನು ಮಾಡಲು ಕಾರಣವಾಗಿದೆ. ನೂರಕ್ಕೆ ನೂರು ಅವನ ದುಡಿಮೆ, ಆ ದುಡಿಮೆಯೇ ನೂರಕ್ಕೆ ನೂರು ದೇವರ ಕೊಡುಗೆ.

ಬೆಂಗಳೂರಿನ ಸುತ್ತಲ ಹೊಸಕೋಟೆ, ಆನೇಕಲ್, ದೊಡ್ಡಬಳ್ಳಾಪುರಗಳಲ್ಲಿ ಮಳೆಯನ್ನು ನಂಬಿ ರಾಗಿ ಬೆಳೆಯುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳುವುದರಿಂದ ಮಳೆ ಬರುವುದಿಲ್ಲ. ಆದರೆ ಉಳದೆ ಬದು ಹಾಕದೆ ಬಿಟ್ಟ ಗಟ್ಟಿ ನೆಲದ ಮೇಲೆ ಬಿದ್ದ ಮಳೆ ಹರಿದುಹೋಗುತ್ತದೆ. ಕ್ರೈಸ್ತರು ಪ್ರಾರ್ಥನೆ, ವಾಕ್ಯಧ್ಯಾನ, ಉಪವಾಸ, ಪ್ರಭುವಿನ ಭೋಜನ, ಪಾಪದ ಅರಿಕೆ ಇವುಗಳನ್ನು ಕೃಪೆಯ ಸಾಧನಗಳೆಂದು ಕರೆಯುವುದು ಈ ಅರ್ಥದಲ್ಲಿ. ಇವು ದೇವರಿಂದ ಏನನ್ನೂ ಕೊಂಡುಕೊಳ್ಳುವ ಬೆಲೆಯಲ್ಲ, ಬರುವುದನ್ನು ಹಿಡಿದಿಟ್ಟುಕೊಳ್ಳಲು ನೆಲವನ್ನು ಹದ ಮಾಡುವ ಕೆಲಸ.

ಸಹಾಯ ಯಾರದು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕ್ರೈಸ್ತರು ನೆಚ್ಚುವುದು ದೂರದಲ್ಲಿ ನಿಂತ ಒಂದು ಶಕ್ತಿಯನ್ನಲ್ಲ. ಇಬ್ರಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವು, ಯೇಸು ಎಲ್ಲ ವಿಷಯಗಳಲ್ಲಿಯೂ ನಮ್ಮಂತೆಯೇ ಶೋಧನೆಗೆ, ಅಂದರೆ ಪಾಪದ ಸೆಳೆತಕ್ಕೆ, ಗುರಿಯಾದನು, ಪಾಪ ಮಾತ್ರ ಮಾಡಲಿಲ್ಲ, ಆದ್ದರಿಂದ ನಮ್ಮ ಬಲಹೀನತೆಗೆ ಅವನು ಮರುಗಬಲ್ಲನು ಎಂದು ಧೈರ್ಯ ಹೇಳುತ್ತದೆ. ಶೋಧನೆಗೆ ಬೇಗನೆ ಬಗ್ಗಿಬಿಡುವವನಿಗೆ ಅದರ ಪೂರ್ತಿ ಭಾರ ತಿಳಿಯುವುದೇ ಇಲ್ಲ. ಕೊನೆಯ ತನಕ ನಿಂತವನಿಗೆ ಮಾತ್ರ ಅದು ತಿಳಿಯುತ್ತದೆ. ಹಿಡಿಯಲ್ಪಡುವ ಮುನ್ನ ಗೆತ್ಸೇಮನೆಯ ತೋಟದಲ್ಲಿ ಯೇಸು ಬೆವರಿದ್ದನ್ನು ನೆನೆದರೆ ಇದು ಅರ್ಥವಾಗುತ್ತದೆ. ಅಲ್ಲಿ ಶಿಷ್ಯರು ನಿದ್ದೆಹೋಗಿದ್ದರು. ಆತ್ಮವು ಸಿದ್ಧವಾಗಿದೆ, ದೇಹಕ್ಕೆ ಬಲ ಸಾಲದು, ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂದು ಅವರಿಗೆ ಹೇಳಿದವನು ಆ ಕ್ಷಣದಲ್ಲಿ ತಾನೇ ಹೋರಾಡುತ್ತಿದ್ದನು.

ಇನ್ನು ಈ ಸಹಾಯ ದಿನದಿನದ ಬದುಕಿನಲ್ಲಿ ಹೇಗೆ ಬರುತ್ತದೆ? ಯಾಕೋಬನ ಪತ್ರದ ಮೊದಲನೆಯ ಅಧ್ಯಾಯದಲ್ಲಿ ಪಾಪ ಬೆಳೆಯುವ ಕ್ರಮವಿದೆ: ಆಸೆ ಎಳೆಯುತ್ತದೆ, ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ, ಪಾಪ ಬೆಳೆದು ಮರಣವನ್ನು ಹೆರುತ್ತದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಹೋಗಿ ನೆಲೆಸಿದ ಸನ್ಯಾಸಿಗಳು ಈ ಕ್ರಮವನ್ನು ಸೂಕ್ಷ್ಮವಾಗಿ ಗಮನಿಸಿದರು. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಮನುಷ್ಯನನ್ನು ಕಾಡುವ ಎಂಟು ಬಗೆಯ ಆಲೋಚನೆಗಳನ್ನು ಹೆಸರಿಸಿದನು: ಹೊಟ್ಟೆಬಾಕತನ, ಕಾಮ, ಹಣದಾಸೆ, ಖಿನ್ನತೆ, ಸಿಟ್ಟು, ಬೇಸರ, ಹೊಗಳಿಕೆಯ ಚಪಲ, ಅಹಂಕಾರ. ಪೋಪ್ ಗ್ರೆಗರಿ ಇವುಗಳನ್ನು ಏಳಕ್ಕೆ ಇಳಿಸಿದ್ದು ಆರನೆಯ ಶತಮಾನದ ಕೊನೆಗೆ. ಬೇಸರದ ಕುರಿತು ಎವಾಗ್ರಿಯಸ್ ಬರೆದದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಅದು ಹಾಡಹಗಲಿನಲ್ಲಿ ಬರುತ್ತದೆ, ಹೊತ್ತು ಸರಿಯುತ್ತಲೇ ಇಲ್ಲವೆನಿಸುತ್ತದೆ, ಈ ಜಾಗ ಸರಿಯಿಲ್ಲ, ಈ ಕೆಲಸ ಸರಿಯಿಲ್ಲ, ಬೇರೆಲ್ಲೋ ಹೋದರೆ ಚೆನ್ನಾಗಿರುತ್ತಿತ್ತು ಎಂದು ಕಿವಿಯಲ್ಲಿ ಊದುತ್ತದೆ. ಕೆಲಸದ ನಡುವೆ ಪದೇ ಪದೇ ಮೊಬೈಲಿಗೆ ಕೈ ಹಾಕುವವರಿಗೆ ಇದರ ವಿವರಣೆ ಬೇಕಿಲ್ಲ.

ಆ ಸನ್ಯಾಸಿಗಳು ಕಂಡುಕೊಂಡ ಮುಖ್ಯ ಸಂಗತಿ, ಆಲೋಚನೆ ಬರುವುದು ಬೇರೆ, ಅದಕ್ಕೆ ಒಪ್ಪಿಗೆ ಕೊಡುವುದು ಬೇರೆ ಎಂಬುದು. ಬಂದದ್ದಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ. ಬರುವುದಕ್ಕೂ ಒಪ್ಪುವುದಕ್ಕೂ ನಡುವೆ ಇರುವ ಸಣ್ಣ ಅಂತರದಲ್ಲಿಯೇ ಹೋರಾಟ ನಡೆಯುತ್ತದೆ, ಸಹಾಯವೂ ಅಲ್ಲಿಯೇ ದೊರೆಯುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೆಯ ಅಧ್ಯಾಯದಲ್ಲಿ, ದೇವರು ಶೋಧನೆಯೊಂದಿಗೆ ತಪ್ಪಿಸಿಕೊಳ್ಳುವ ಮಾರ್ಗವನ್ನೂ ಸಿದ್ಧಮಾಡುತ್ತಾನೆಂಬ ಭರವಸೆಯಿದೆ. ಆ ಮಾರ್ಗ ಬಹಳ ಸಲ ಅದ್ಭುತದಂತೆ ಕಾಣುವುದಿಲ್ಲ. ಮಲಗುವ ಕೋಣೆಯ ಹೊರಗೆ ಮೊಬೈಲ್ ಇಡುವುದು, ಸಂಬಳ ಬಂದ ದಿನ ಹಳೆಯ ಗೆಳೆಯರು ಕೂರುವ ಬಾರಿನ ದಾರಿ ಬಿಟ್ಟು ಬೇರೆ ಬಸ್ ಹಿಡಿಯುವುದು, ಸಿಟ್ಟಿನಲ್ಲಿ ಬರೆದ ಸಂದೇಶವನ್ನು ಕಳುಹಿಸದೆ ಅಳಿಸುವುದು, ಹೀಗೆ ಚಿಕ್ಕ ಚಿಕ್ಕ ಬಾಗಿಲುಗಳಾಗಿ ಅದು ತೆರೆದಿರುತ್ತದೆ. ಇವುಗಳನ್ನು ಬರಿಯ ಉಪಾಯಗಳೆಂದು ಕೀಳಾಗಿ ಕಂಡು ಗುಡುಗಿನಂಥ ಬಿಡುಗಡೆಯೊಂದಕ್ಕೇ ಕಾಯುವುದು ಭಕ್ತಿಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನೊಂದು ಬಾಗಿಲು ಇತರ ವಿಶ್ವಾಸಿಗಳು. ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿರಿ ಎಂದು ಯಾಕೋಬನು ಬರೆಯುತ್ತಾನೆ. ಕಥೋಲಿಕರು ಗುರುಗಳ ಮುಂದೆ ಪಾಪನಿವೇದನೆ ಮಾಡುವ ಸಂಸ್ಕಾರವಾಗಿ ಇದನ್ನು ಉಳಿಸಿಕೊಂಡರು. ಪ್ರೊಟೆಸ್ಟೆಂಟರಲ್ಲಿ ಇದಕ್ಕೆ ಗಟ್ಟಿಯಾದ ರೂಪ ಕೊಟ್ಟವನು ಜಾನ್ ವೆಸ್ಲಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಕ್ರಿಸ್ತನು ತನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆಂಬ ಭರವಸೆ ಅವನಿಗೆ ಉಂಟಾಯಿತು. ಅದೇ ವರ್ಷ ಅವನು ಚಿಕ್ಕ ಗುಂಪುಗಳಿಗೆಂದು ಬರೆದ ನಿಯಮಗಳಲ್ಲಿ, ಕಳೆದ ಸಲ ಸೇರಿದ ಮೇಲೆ ತಿಳಿದೂ ಯಾವ ಪಾಪ ಮಾಡಿದಿರಿ, ಯಾವ ಶೋಧನೆ ಎದುರಾಯಿತು, ಅದರಿಂದ ಹೇಗೆ ಬಿಡಿಸಿಕೊಂಡಿರಿ ಎಂಬ ಪ್ರಶ್ನೆಗಳು ಪ್ರತಿ ವಾರ ಕೇಳಬೇಕಾದವುಗಳಾಗಿದ್ದವು. ಹಡ್ಸನ್ ಸ್ಮಾರಕ ದೇವಾಲಯ ಇದೇ ವೆಸ್ಲಿಯನ್ ಮಿಷನ್ನಿನ ಪರಂಪರೆಯಿಂದ ಬಂದದ್ದು. ನಮ್ಮ ಮನೆಗಳಲ್ಲಿ ನಡೆಯುವ ಪ್ರಾರ್ಥನಾಕೂಟಗಳಲ್ಲಿ ಕಾಯಿಲೆ, ಕೆಲಸ, ಪರೀಕ್ಷೆ, ವೀಸಾಗಳಿಗಾಗಿ ಧಾರಾಳವಾಗಿ ಬೇಡಿಕೊಳ್ಳುತ್ತೇವೆ. ನನ್ನ ಸಿಟ್ಟಿನಿಂದ ಮನೆಯವರು ಹೆದರುತ್ತಾರೆ, ನನಗಾಗಿ ಪ್ರಾರ್ಥಿಸಿ ಎಂದು ಹೇಳುವ ಧೈರ್ಯ ಮಾತ್ರ ಬಹಳ ಅಪರೂಪ, ಹಾಗೆ ಹೇಳಿದವನ ಮಾತು ಬೀದಿಗೆ ಹೋಗದಂತೆ ಕಾಪಾಡುವ ಕೂಟ ಇನ್ನೂ ಅಪರೂಪ. ಕೃಪೆಯ ಬಗ್ಗೆ ಎಷ್ಟು ಪ್ರಸಂಗ ಕೇಳಿದರೂ, ತಪ್ಪೊಪ್ಪಿಕೊಂಡವನನ್ನು ಸಭೆ ಹೇಗೆ ನಡೆಸಿಕೊಂಡಿತು ಎಂಬುದರಿಂದಲೇ ಜನ ಕೃಪೆಯನ್ನು ಅರಿಯುತ್ತಾರೆ.

ಕುಡಿತದಂಥ ವ್ಯಸನಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳ ಮೊದಲನೆಯ ಹೆಜ್ಜೆ, ಕುಡಿತದ ಮುಂದೆ ತಾವು ಶಕ್ತಿಹೀನರೆಂದು ಒಪ್ಪಿಕೊಳ್ಳುವುದು. ಎರಡನೆಯದು, ತಮಗಿಂತ ದೊಡ್ಡದಾದ ಶಕ್ತಿಯೊಂದು ತಮ್ಮನ್ನು ಸರಿಪಡಿಸಬಲ್ಲದೆಂದು ನಂಬುವುದು. ಕ್ರೈಸ್ತ ಕೂಟವೊಂದರ ಪ್ರಭಾವದಿಂದ ಬೆಳೆದ ಈ ಕ್ರಮದಲ್ಲಿ ಪೌಲನ ಏಳನೆಯ ಮತ್ತು ಎಂಟನೆಯ ಅಧ್ಯಾಯಗಳ ನೆರಳು ಕಾಣುತ್ತದೆ. ಹಾಗೆಂದು ವೈದ್ಯರ ಬಳಿ ಹೋಗುವುದು ನಂಬಿಕೆಯ ಕೊರತೆ ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬಾರದು. ದೀರ್ಘಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಹಾಗೆಯೇ, ಕ್ಷಮೆ ಸಿಕ್ಕಿತೋ ಇಲ್ಲವೋ ಎಂದು ಒಂದೇ ತಪ್ಪನ್ನು ದಿನವಿಡೀ ಅರಿಕೆ ಮಾಡಿ ನೆಮ್ಮದಿ ಕಾಣದವರು ಕೆಲವರಿದ್ದಾರೆ. ಮಠದಲ್ಲಿದ್ದ ಯುವಕ ಲೂಥರನೂ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಕೇಳುವವರನ್ನು ದಣಿಸುತ್ತಿದ್ದನು. ಅಂಥ ಸಂಕಟದಲ್ಲಿ ಮನೋರೋಗದ ಅಂಶವೂ ಇರಬಹುದಾದ್ದರಿಂದ, ಸಭಾಪಾಲಕರೊಡನೆ ವೈದ್ಯರನ್ನೂ ಕಾಣುವುದು ಉಚಿತ. ಔಷಧಿಯ ಮೂಲಕ ಬಂದ ಸಹಾಯವೂ ದೇವರ ಸಹಾಯವೇ.

ಎಷ್ಟರ ಮಟ್ಟಿಗೆ ಗೆಲುವನ್ನು ನಿರೀಕ್ಷಿಸಬಹುದು ಎಂಬಲ್ಲಿ ಸಭೆಗಳು ಬೇರೆಯಾಗುತ್ತವೆ. ದೀಕ್ಷಾಸ್ನಾನದ ನಂತರವೂ ಉಳಿಯುವ ದುರಾಸೆಯ ಸೆಳೆತವನ್ನು ಲೂಥರನ ಅನುಯಾಯಿಗಳು ಪಾಪವೆಂದೇ ಕರೆದರು. ವಿಶ್ವಾಸಿಯು ದೇವರ ಎಣಿಕೆಯಲ್ಲಿ ನೀತಿವಂತನಾಗಿಯೂ ತನ್ನಲ್ಲಿ ಪಾಪಿಯಾಗಿಯೂ ಏಕಕಾಲಕ್ಕೆ ಇರುತ್ತಾನೆಂಬುದು ಅವರ ನಿಲುವು. 1546ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಆ ಸೆಳೆತವನ್ನು ಪಾಪವೆನ್ನಲು ಒಪ್ಪದೆ, ಅದು ಹೋರಾಟಕ್ಕಾಗಿಯೇ ಉಳಿಸಲ್ಪಟ್ಟಿದೆ, ಅದಕ್ಕೆ ಒಪ್ಪಿಗೆ ಕೊಡದೆ ಕ್ರಿಸ್ತನ ಕೃಪೆಯಿಂದ ಎದುರಿಸುವವರಿಗೆ ಅದು ಹಾನಿ ಮಾಡಲಾರದು ಎಂದು ಹೇಳಿತು. ಈ ಬದುಕಿನಲ್ಲಿಯೇ ದೇವರ ಪ್ರೀತಿ ಹೃದಯವನ್ನು ತುಂಬಿ ಪಾಪದ ಬಯಕೆಯನ್ನು ಹೊರದಬ್ಬಬಲ್ಲದೆಂದು ವೆಸ್ಲಿ ಆಶಿಸಿದನು. 1999ರ ಅಕ್ಟೋಬರ್ 31ರಂದು ಲೂಥರನ್ನರೂ ಕಥೋಲಿಕರೂ ಆಗ್ಸ್‌ಬರ್ಗಿನಲ್ಲಿ ಸಹಿ ಹಾಕಿದ ಜಂಟಿ ಹೇಳಿಕೆ ಈ ಭೇದಗಳನ್ನು ಬಹಳಷ್ಟು ತಗ್ಗಿಸಿತು. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಸಭೆಗಳು ಕೂಡಿ 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿ ಈ ಬೇರೆ ಬೇರೆ ನಿರೀಕ್ಷೆಗಳು ಒಂದೇ ಸಾಲಿನಲ್ಲಿ ಕುಳಿತಿರುತ್ತವೆ. ಅದೊಂದು ತೊಡಕೆಂದು ನನಗೆ ಅನಿಸುವುದಿಲ್ಲ. ಗೆಲ್ಲಬಹುದೆಂಬ ಆಸೆಯೂ ಬಿದ್ದರೂ ಕೈಬಿಡಲ್ಪಡೆನೆಂಬ ಧೈರ್ಯವೂ ಎರಡೂ ಬೇಕು.

ಬಿದ್ದವನ ಮುಂದೆ ಸುವಾರ್ತೆಗಳು ಇಬ್ಬರು ಶಿಷ್ಯರನ್ನು ನಿಲ್ಲಿಸುತ್ತವೆ. ಯೂದನು ಯೇಸುವನ್ನು ಹಿಡಿದುಕೊಟ್ಟನು, ಪೇತ್ರನು ಅವನನ್ನು ಅರಿಯೆನೆಂದು ಮೂರು ಸಲ ಹೇಳಿದನು. ಇಬ್ಬರೂ ನೊಂದರು. ಒಬ್ಬನು ತನ್ನ ನೋವಿನೊಂದಿಗೆ ಒಂಟಿಯಾಗಿ ಹೋದನು, ಇನ್ನೊಬ್ಬನು ಉಳಿದ ಶಿಷ್ಯರ ನಡುವೆ ಉಳಿದನು, ಆಮೇಲೆ ಸಮುದ್ರತೀರದಲ್ಲಿ ಯೇಸುವಿನ ಪ್ರಶ್ನೆಗಳನ್ನು ಎದುರಿಸಿದನು. ಯೋಹಾನನ ಮೊದಲ ಪತ್ರದ ಆರಂಭದಲ್ಲಿ, ನಮ್ಮಲ್ಲಿ ಪಾಪವಿಲ್ಲವೆಂದರೆ ನಮ್ಮನ್ನೇ ಮೋಸಗೊಳಿಸಿಕೊಳ್ಳುತ್ತೇವೆ, ಅರಿಕೆ ಮಾಡಿದರೆ ದೇವರು ನಂಬಿಗಸ್ತನಾಗಿ ಕ್ಷಮಿಸಿ ಶುದ್ಧಿಮಾಡುತ್ತಾನೆ ಎಂದಿರುವುದು ಈ ಎರಡನೆಯ ದಾರಿಯನ್ನು ತೋರಿಸುತ್ತದೆ.

ಆದರೆ ಕ್ಷಮೆಯ ಹೆಸರಿನಲ್ಲಿ ನಡೆಯುವ ಅನ್ಯಾಯವೊಂದನ್ನು ಮುಚ್ಚಿಡಬಾರದು. ಹೆಂಡತಿಗೆ ಹೊಡೆದವನು, ಮಕ್ಕಳಿಗೆ ಕೇಡು ಮಾಡಿದವನು, ಸಭೆಯ ಹಣ ನುಂಗಿದವನು ಕಣ್ಣೀರಿಟ್ಟು ಅರಿಕೆ ಮಾಡಿದ ಮಾತ್ರಕ್ಕೆ ನೊಂದವರ ಬಾಯಿ ಮುಚ್ಚಿಸುವುದು ಕೃಪೆಯ ದುರುಪಯೋಗ. ಸುಂಕದವನಾದ ಜಕ್ಕಾಯನು ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ಆಮೇಲೆಯೇ ಯೇಸು, ಈ ಮನೆಗೆ ಇಂದು ರಕ್ಷಣೆ ಬಂತು ಎಂದನು. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿದ ಅರಸ ದಾವೀದನಿಗೆ ಪ್ರವಾದಿ ನಾತಾನನು ಅವನ ಪಾಪವನ್ನು ಮುಖಕ್ಕೆ ಹೇಳಿದನು. ದಾವೀದನಿಗೆ ಕ್ಷಮೆಯೂ ಸಿಕ್ಕಿತು, ಮಾಡಿದ್ದರ ಫಲವನ್ನು ಅವನ ಮನೆ ಅನುಭವಿಸಿತು. ಪೊಲೀಸ್ ಠಾಣೆಗೆ ಹೋಗಬೇಕಾದ ವಿಷಯ ಠಾಣೆಗೆ ಹೋಗಬೇಕು. ಕ್ಷಮೆ ಪಡೆದವನು ಅದಕ್ಕೆ ಅಡ್ಡ ನಿಲ್ಲುವುದಿಲ್ಲ.

ಎಲ್ಲ ಪ್ರಾರ್ಥನೆಗೂ ಉತ್ತರ ತೆಗೆದುಹಾಕುವ ರೂಪದಲ್ಲಿಯೇ ಬರುವುದಿಲ್ಲ. ತನ್ನ ಶರೀರದಲ್ಲಿ ನಾಟಿದ್ದ ಮುಳ್ಳೊಂದನ್ನು ತೆಗೆಯಬೇಕೆಂದು ಪೌಲನು ಮೂರು ಸಲ ಬೇಡಿಕೊಂಡನು. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು, ಬಲಹೀನತೆಯಲ್ಲಿಯೇ ಬಲವು ಪೂರ್ಣಸಾಧಕವಾಗುತ್ತದೆ ಎಂಬುದು. ಆ ಮುಳ್ಳು ಕಾಯಿಲೆಯೋ ಶೋಧನೆಯೋ ವಿರೋಧಿಗಳ ಕಾಟವೋ ಎಂದು ಪೌಲನು ಹೇಳಲಿಲ್ಲ, ಅದರಿಂದಾಗಿ ತಮ್ಮ ತಮ್ಮ ಮುಳ್ಳನ್ನು ಹೊತ್ತ ಎಲ್ಲರೂ ಆ ಮಾತನ್ನು ತಮ್ಮದಾಗಿ ಓದಲು ಸಾಧ್ಯವಾಗಿದೆ. ಇದೇ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ತಾನು ಅಪೊಸ್ತಲರಲ್ಲಿ ಕನಿಷ್ಠನು ಎನ್ನುತ್ತಾನೆ. ಅವನ ಹೆಸರಿನಲ್ಲಿರುವ ಎಫೆಸದ ಪತ್ರದಲ್ಲಿ ದೇವಜನರೆಲ್ಲರಲ್ಲಿ ಅತ್ಯಲ್ಪನು ಎಂದಿದೆ, ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಪಾಪಿಗಳಲ್ಲಿ ಮುಖ್ಯನು ಎಂದಿದೆ. ದೇವರಿಗೆ ಹತ್ತಿರವಾದಂತೆಲ್ಲ ತನ್ನ ಪಾಪದ ಅರಿವು ತೀಕ್ಷ್ಣವಾಗುವುದು ಸಹಜವೆಂದು ಪರಂಪರೆ ಇದನ್ನು ಅರ್ಥಮಾಡಿಕೊಂಡಿದೆ. ಆದರೆ ಆ ಅರಿವು ಪೌಲನನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಅಪೊಸ್ತಲರಲ್ಲಿ ಕನಿಷ್ಠನೆಂದು ಬರೆದ ವಚನದ ಮುಂದಿನ ವಚನದಲ್ಲಿಯೇ, ಉಳಿದೆಲ್ಲರಿಗಿಂತ ತಾನು ಹೆಚ್ಚು ದುಡಿದೆನೆಂದು ಅವನು ಸಂಕೋಚವಿಲ್ಲದೆ ಹೇಳುತ್ತಾನೆ, ಹೇಳಿದ ಉಸಿರಿನಲ್ಲಿಯೇ ದುಡಿದದ್ದು ತಾನಲ್ಲ, ತನ್ನೊಂದಿಗಿದ್ದ ದೇವರ ಕೃಪೆಯೇ ಎಂದು ಸೇರಿಸುತ್ತಾನೆ.